ಚಹಾ ಅಗ್ಗವಾದರೂ ಸಿಟ್ಟೇಕೆ? ಗಬ್ಬೂರಿನ ಓದುಗರ ಪತ್ರಗಳಿಗೆ ಉತ್ತರ

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 2026ರ ಜುಲೈ 4ಕ್ಕೆ 250 ವರ್ಷ. ಅದೇ ನೆಪವಾಗಿ ಹುಬ್ಬಳ್ಳಿಯ ಗಬ್ಬೂರಿನಿಂದ ಒಂದೇ ಲಕೋಟೆಯಲ್ಲಿ ಹಲವು ಪತ್ರಗಳು ಬಂದಿವೆ. ಕೇಳಿದವರಲ್ಲಿ ಕಾಲೇಜು ಹುಡುಗಿಯರಿದ್ದಾರೆ, ಲಾರಿ ಚಾಲಕರಿದ್ದಾರೆ, ನಿವೃತ್ತ ಮಾಸ್ತರರಿದ್ದಾರೆ. ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಪ್ರಶ್ನೆಗೂ ನಂಟಿರುವುದರಿಂದ ಎಲ್ಲವನ್ನೂ ಒಟ್ಟಿಗೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಬ್ರಿಟಿಷರು ವಿಪರೀತ ತೆರಿಗೆ ಹಾಕಿದ್ದರಿಂದ ಅಮೆರಿಕದವರು ದಂಗೆಯೆದ್ದರು ಎಂದು ಓದಿದ್ದೇವೆ. ಆದರೆ 1773ರ ಕಾಯ್ದೆಯಿಂದ ಚಹಾ ಅಗ್ಗವೇ ಆಯಿತು ಎಂದು ನಮ್ಮ ಮೇಡಂ ಹೇಳಿದರು. ಅಗ್ಗದ ಚಹಾವನ್ನು ಯಾರಾದರೂ ಸಮುದ್ರಕ್ಕೆ ಚೆಲ್ಲುತ್ತಾರೆಯೇ?
(ಪಿಯುಸಿ ವಿದ್ಯಾರ್ಥಿನಿ, ಗಬ್ಬೂರ)

ಉತ್ತರ: ನಿಮ್ಮ ಮೇಡಂ ಹೇಳಿದ್ದು ಸರಿ. ಅಗ್ಗವಾದದ್ದಕ್ಕೇ ಚೆಲ್ಲಿದರು. ಇದು ಅರ್ಥವಾಗಬೇಕಾದರೆ ಹತ್ತು ವರ್ಷ ಹಿಂದೆ ಸರಿಯಬೇಕು.

1763ರಲ್ಲಿ ಫ್ರಾನ್ಸಿನ ಮೇಲಿನ ಏಳು ವರ್ಷಗಳ ಯುದ್ಧ ಮುಗಿಯಿತು. ಬ್ರಿಟನ್ ಗೆದ್ದಿತು, ಕೆನಡಾ ಅದರ ಕೈಸೇರಿತು. ಆದರೆ ಯುದ್ಧಕ್ಕೆ ಮೊದಲು ಸುಮಾರು 7.5 ಕೋಟಿ ಪೌಂಡ್ ಇದ್ದ ಸರ್ಕಾರದ ಸಾಲ 13 ಕೋಟಿಯ ಆಸುಪಾಸಿಗೆ ಏರಿತ್ತು. ಬಂದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗುತ್ತಿತ್ತು. ಅದರ ಮೇಲೆ ಅಮೆರಿಕದ ಗಡಿ ಕಾಯಲು ಸುಮಾರು 10,000 ಸೈನಿಕರನ್ನು ಅಲ್ಲೇ ಇಡಬೇಕೆಂದು ತೀರ್ಮಾನವಾಯಿತು. ಈ ಖರ್ಚಿನಲ್ಲಿ ಒಂದು ಪಾಲನ್ನಾದರೂ ಅಲ್ಲಿನವರು ಹೊರಲಿ ಎಂದು ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಲೆಕ್ಕ ಹಾಕಿದ. ಲೆಕ್ಕವಾಗಿ ನೋಡಿದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಇಂಗ್ಲೆಂಡಿನಲ್ಲಿದ್ದವನು ಕಟ್ಟುತ್ತಿದ್ದ ತೆರಿಗೆಯ ಮುಂದೆ ಅಮೆರಿಕದ ಬಾಸ್ಟನ್ನಿನವನು ಕಟ್ಟುತ್ತಿದ್ದುದು ಏನೇನೂ ಅಲ್ಲ. ಹಾಗಾಗಿ ‘ವಿಪರೀತ ತೆರಿಗೆ’ ಎಂಬ ಮಾತನ್ನು ಮೊದಲು ಕೈಬಿಡಿ.

ಜಗಳದ ಬೇರು ಇದ್ದದ್ದು ಬೇರೆ ಕಡೆ. ವರ್ಜೀನಿಯಾದಲ್ಲಿ 1619ರಲ್ಲೇ ಚುನಾಯಿತ ಸಭೆ ಕೂಡಿತ್ತು. ಮುಂದೆ ಎಲ್ಲ ವಸಾಹತುಗಳಲ್ಲೂ ಅಂಥ ಸಭೆಗಳು ಬೆಳೆದವು. ಊರಿನೊಳಗಿನ ತೆರಿಗೆ ಹಾಕುವುದು ಅವುಗಳದೇ ಕೆಲಸ. ಬಹುತೇಕ ಕಡೆ, ಲಂಡನ್ನಿನಿಂದ ಬಂದ ಗವರ್ನರನಿಗೆ ವರ್ಷದ ಪಗಾರ ಮಂಜೂರು ಮಾಡುವುದೂ ಅವುಗಳದೇ. ಪಗಾರದ ಈ ಸಂಗತಿಯನ್ನು ಪರೀಕ್ಷೆಯ ಗೈಡುಗಳು ಬಿಟ್ಟುಬಿಡುತ್ತವೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಅದೇ. ಗವರ್ನರ್ ರಾಜನ ಆಳಾದರೂ ಅವನ ಪಗಾರ ಊರವರ ಕೈಯಲ್ಲಿತ್ತು. ಹಾಗಾಗಿ ಆತ ಊರವರ ಮಾತನ್ನು ಅಷ್ಟಿಷ್ಟಾದರೂ ಕೇಳಲೇಬೇಕಿತ್ತು.

1767ರಲ್ಲಿ ಚಾರ್ಲ್ಸ್ ಟೌನ್‌ಶೆಂಡ್ ಎಂಬ ಹಣಕಾಸು ಮಂತ್ರಿ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಸುಂಕ ಹಾಕಿದ. ಬಂದ ಹಣದಲ್ಲಿ ಗವರ್ನರರಿಗೂ ನ್ಯಾಯಾಧೀಶರಿಗೂ ನೇರವಾಗಿ ಪಗಾರ ಕೊಡುವ ಏರ್ಪಾಡು ಆ ಕಾಯ್ದೆಯಲ್ಲೇ ಇತ್ತು. ಅಂದರೆ ದುಡ್ಡು ಜನರದು, ಆ ದುಡ್ಡಿನಿಂದಲೇ ಜನರ ಹಿಡಿತದಿಂದ ಬಿಡಿಸಿಕೊಳ್ಳುವವರು ಅಧಿಕಾರಿಗಳು. ವಸಾಹತುಗಳ ವ್ಯಾಪಾರಿಗಳು ಬ್ರಿಟಿಷ್ ಮಾಲಿಗೆ ಬಹಿಷ್ಕಾರ ಹಾಕಿದರು. ಬಾಸ್ಟನ್ನಿಗೆ ಸೈನ್ಯ ಬಂತು. 1770ರ ಮಾರ್ಚ್ 5ರಂದು ಆ ಸೈನಿಕರ ಗುಂಡಿಗೆ ಐವರು ಸತ್ತರು. ಅದೇ ವರ್ಷ ಲಂಡನ್ ಉಳಿದೆಲ್ಲ ಸುಂಕ ತೆಗೆದು ಚಹಾದ್ದನ್ನು ಮಾತ್ರ ಉಳಿಸಿಕೊಂಡಿತು. ಒಂದು ಪೌಂಡ್ ತೂಕಕ್ಕೆ ಮೂರು ಪೆನ್ನಿ. ಅದರಿಂದ ಖಜಾನೆ ತುಂಬುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ತೆರಿಗೆ ಹಾಕುವ ಹಕ್ಕು ನಮ್ಮದೇ ಎಂದು ತೋರಿಸಲು ಅದನ್ನು ಇಟ್ಟುಕೊಂಡಿದ್ದರು.

ಈಗ ನಮ್ಮ ಹಳೆಯ ಪರಿಚಯದ ಈಸ್ಟ್ ಇಂಡಿಯಾ ಕಂಪನಿ ಕಥೆಯೊಳಗೆ ಬರುತ್ತದೆ. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು ಸಿಕ್ಕ ಮೇಲೆ ಕಂಪನಿಯ ಷೇರುದಾರರು ಕನಸು ಕಾಣತೊಡಗಿದ್ದರು. 1770ರಲ್ಲಿ ಬಂಗಾಳಕ್ಕೆ ಭೀಕರ ಬರ ಬಂತು. ಮೂವರಲ್ಲಿ ಒಬ್ಬರು ಸತ್ತರೆಂಬುದು ಆ ಕಾಲದ ಅಂದಾಜು. ಯುದ್ಧದ ಖರ್ಚು, ನೌಕರರ ಲೂಟಿ, ಯುರೋಪಿನ ಬ್ಯಾಂಕುಗಳ ಕುಸಿತ ಎಲ್ಲ ಸೇರಿ 1772ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂತು. ಅದರ ಲಂಡನ್ ಗೋದಾಮುಗಳಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಚೀನಾ ಚಹಾ ಮಾರಾಟವಾಗದೆ ಬಿದ್ದಿತ್ತು. ಕಂಪನಿ ಸರ್ಕಾರದ ಹತ್ತಿರ ಸಾಲ ಕೇಳಿತು. ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಜೊತೆಗೆ, ಲಂಡನ್ನಿನಲ್ಲಿ ಕಟ್ಟುವ ಸುಂಕವಿಲ್ಲದೆ ಅಮೆರಿಕಕ್ಕೆ ನೇರವಾಗಿ ಚಹಾ ಕಳಿಸಿ ತಾನು ಆರಿಸಿದ ಏಜೆಂಟರ ಮೂಲಕ ಮಾರಲು ಅನುಮತಿಯನ್ನೂ ಕೊಟ್ಟಿತು.

ಚಹಾ ಅಗ್ಗವಾಯಿತು, ನಿಜ. ಆದರೆ ಮೂರು ಪೆನ್ನಿಯ ಸುಂಕ ಅದರೊಳಗೇ ಇತ್ತು. ಅಗ್ಗದ ಚಹಾ ಕುಡಿದವನು ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿಕೊಂಡಂತೆ. ಇದು ತತ್ವದ ಮಾತು. ಹೊಟ್ಟೆಪಾಡಿನ ಮಾತೂ ಇತ್ತು. ಡಚ್ಚರ ಚಹಾ ಕಳ್ಳಸಾಗಣೆ ಮಾಡಿ ಬದುಕುತ್ತಿದ್ದ ಬಾಸ್ಟನ್ ವ್ಯಾಪಾರಿಗಳ ಅಂಗಡಿ ಮುಚ್ಚುತ್ತಿತ್ತು. ಕಂಪನಿಯ ಏಜೆಂಟರ ಪಟ್ಟಿಯಲ್ಲಿ ಗವರ್ನರ್ ಥಾಮಸ್ ಹಚಿನ್ಸನ್‌ನ ಇಬ್ಬರು ಮಕ್ಕಳಿದ್ದರು. ತತ್ವ, ವ್ಯಾಪಾರ, ಗವರ್ನರನ ಮನೆಯವರ ಮೇಲಿನ ಹೊಟ್ಟೆಯುರಿ ಮೂರೂ ಕೂಡಿದ್ದವು. 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳಲ್ಲಿದ್ದ 342 ಪೆಟ್ಟಿಗೆ ಚಹಾ ನೀರು ಸೇರಿತು.

ಅಷ್ಟಾದರೂ ಯುದ್ಧ ಆಗಲೇಬೇಕೆಂದೇನೂ ಇರಲಿಲ್ಲ. 1774ರಲ್ಲಿ ಲಂಡನ್ ಕೊಟ್ಟ ಶಿಕ್ಷೆ ಅದನ್ನು ತಂದಿತು. ಬಾಸ್ಟನ್ ಬಂದರು ಮುಚ್ಚಿದರು. ಮ್ಯಾಸಚೂಸೆಟ್ಸ್‌ಗೆ 1691ರಲ್ಲಿ ರಾಜನೇ ಕೊಟ್ಟಿದ್ದ ಸನದನ್ನು ತಿದ್ದಿ, ಊರಸಭೆಗಳನ್ನು ಗವರ್ನರನ ಅಪ್ಪಣೆಗೆ ಕಟ್ಟಿಹಾಕಿದರು. ಉಳಿದ ವಸಾಹತುಗಳಿಗೆ ಆಗ ಗಾಬರಿಯಾಯಿತು. ಇಂದು ಬಾಸ್ಟನ್ನಿಗೆ ಆದದ್ದು ನಾಳೆ ನಮಗೆ ಎಂದು 12 ವಸಾಹತುಗಳ ಪ್ರತಿನಿಧಿಗಳು ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದರು.

ಪ್ರಶ್ನೆ: ಅದೇ ಕಂಪನಿ ನಮ್ಮ ಹುಬ್ಬಳ್ಳಿಗೂ ಬಂದಿತ್ತೇ? ಯಾವಾಗ?
(ಬಟ್ಟೆ ಅಂಗಡಿಯವರು, ಗಬ್ಬೂರ)

ಉತ್ತರ: ಚಹಾದ ಗಲಾಟೆಗೆ ನೂರು ವರ್ಷ ಮೊದಲೇ ಬಂದಿತ್ತು. ಕಾರವಾರದ ಕೋಠಿಯ ಕೈಕೆಳಗೆ ಹುಬ್ಬಳ್ಳಿಯಲ್ಲಿ ಇಂಗ್ಲಿಷರ ವ್ಯಾಪಾರದ ಮನೆ ಇತ್ತು. ಇಲ್ಲಿಯ ಬಟ್ಟೆ ಘಟ್ಟ ಇಳಿದು ಕಾರವಾರದಿಂದ ಹಡಗು ಹತ್ತುತ್ತಿತ್ತು. 1673ರಲ್ಲಿ ಶಿವಾಜಿಯ ದಂಡು ಹುಬ್ಬಳ್ಳಿ ಪೇಟೆಯನ್ನು ಲೂಟಿ ಮಾಡಿದಾಗ ಆ ಮನೆಯೂ ಹೋಯಿತು. ತಮಗಾದ ನಷ್ಟ 7,894 ಪಗೋಡ ಎಂದು ಇಂಗ್ಲಿಷರು ಲೆಕ್ಕ ಬರೆದಿಟ್ಟರು. ಆಗ ಕಂಪನಿ ಬರೀ ವ್ಯಾಪಾರಿ, ಪರಿಹಾರ ಕೇಳಿಕೊಂಡು ಓಡಾಡಿತು. ರಾಜ್ಯ ಆಳುವ ಕಂಪನಿಯಾಗಿ ಅದು ಹುಬ್ಬಳ್ಳಿ-ಧಾರವಾಡಕ್ಕೆ ಮರಳಿದ್ದು ಪೇಶ್ವೆ ಬಿದ್ದ ಮೇಲೆ, 1818ರ ಸುಮಾರಿಗೆ.

ಪ್ರಶ್ನೆ: 1765ರ ಸ್ಟಾಂಪ್ ಕಾಯ್ದೆ ಅಂದರೆ ನಾವು ಖರೀದಿ ಪತ್ರಕ್ಕೆ ಕೊಳ್ಳುವ ಬಾಂಡ್ ಪೇಪರಿನಂಥದ್ದೇ? ಅದಕ್ಕೆ ಇಷ್ಟು ರಾದ್ಧಾಂತವೇ?
(ದಸ್ತಾವೇಜು ಬರೆಯುವವರು)

ಉತ್ತರ: ಅದೇ ಜಾತಿಯದು, ಆದರೆ ಕೈ ಇನ್ನೂ ಉದ್ದ. ಕೋರ್ಟು ಕಾಗದ, ಖರೀದಿ ಪತ್ರ, ಉಯಿಲು ಮಾತ್ರವಲ್ಲ, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲೆ, ದಾಳ ಎಲ್ಲಕ್ಕೂ ಸರ್ಕಾರದ ಮುದ್ರೆ ಬೇಕಿತ್ತು. ತಪ್ಪಿದರೆ ವಿಚಾರಣೆ ಜ್ಯೂರಿ ಇಲ್ಲದ ನೌಕಾ ನ್ಯಾಯಾಲಯದಲ್ಲೂ ಆಗಬಹುದಿತ್ತು. ಸುಂಕವನ್ನು ಬ್ರಿಟಿಷ್ ಹಣದ ಲೆಕ್ಕದಲ್ಲಿ ತುಂಬಬೇಕು. ಆದರೆ ಅಲ್ಲಿ ನಾಣ್ಯದ ಬರ. ಹಿಂದಿನ ವರ್ಷವಷ್ಟೇ ವಸಾಹತುಗಳ ಕಾಗದದ ಹಣಕ್ಕೆ ಇನ್ನೊಂದು ಕಾಯ್ದೆ ಅಡ್ಡಗಾಲು ಹಾಕಿತ್ತು.

ಗ್ರೆನ್‌ವಿಲ್ ಒಂದು ದಡ್ಡತನ ಮಾಡಿದ. ವಕೀಲರು, ಮುದ್ರಕರು, ಪತ್ರಿಕೆಯವರು, ಹೆಂಡದಂಗಡಿಯವರು, ಈ ನಾಲ್ವರನ್ನೂ ಒಂದೇ ಏಟಿಗೆ ಕೆಣಕಿದ. ಊರಿನಲ್ಲಿ ಮಾತಾಡುವವರು, ಬರೆಯುವವರು, ಮಾತಾಡಲು ಜಾಗ ಕೊಡುವವರು ಇವರೇ. ಬಾಸ್ಟನ್ನಿನಲ್ಲಿ ಸ್ಟಾಂಪು ಹಂಚಬೇಕಿದ್ದ ಆಂಡ್ರೂ ಆಲಿವರ್‌ನ ಬೊಂಬೆಯನ್ನು ಆಗಸ್ಟ್ 14ರಂದು ಮರಕ್ಕೆ ತೂಗುಹಾಕಿದರು, ಆತ ಹುದ್ದೆ ಬಿಟ್ಟ. ನವೆಂಬರ್ 1ಕ್ಕೆ ಕಾಯ್ದೆ ಜಾರಿಯಾಗುವ ಹೊತ್ತಿಗೆ ಸ್ಟಾಂಪು ಮಾರಲು ಹೆಚ್ಚಿನ ಕಡೆ ಜನವೇ ಇರಲಿಲ್ಲ. 1766ರ ಮಾರ್ಚಿನಲ್ಲಿ ಕಾಯ್ದೆ ರದ್ದಾಯಿತು. ಅದೇ ದಿನ ಪಾರ್ಲಿಮೆಂಟು, ಯಾವ ವಿಷಯದಲ್ಲಾದರೂ ವಸಾಹತುಗಳಿಗೆ ಕಾನೂನು ಮಾಡುವ ಹಕ್ಕು ತನಗಿದೆ ಎಂಬ ಇನ್ನೊಂದು ಕಾಯ್ದೆಯನ್ನೂ ಪಾಸು ಮಾಡಿಕೊಂಡಿತು. ಪಟಾಕಿ ಹಾರಿಸುತ್ತಿದ್ದವರು ಆ ಎರಡನೆಯದನ್ನು ಅಷ್ಟಾಗಿ ಗಮನಿಸಲಿಲ್ಲ.

ಅಮೆರಿಕದವರು ಒದ್ದು ಕಳಿಸಿದ ಆ ಕಾಗದ ನಮ್ಮಲ್ಲಿಗೆ ಬಂತು. ಬಂಗಾಳದಲ್ಲಿ ಕಂಪನಿ 1797ರಲ್ಲಿ ಸ್ಟಾಂಪ್ ಸುಂಕ ಶುರು ಮಾಡಿತು. ನಿಮ್ಮ ಕೆಲಸ ಇಂದು 1957ರ ಕರ್ನಾಟಕದ ಕಾಯ್ದೆಯ ಅಡಿಯಲ್ಲಿ ನಡೆಯುತ್ತದೆ.

ಪ್ರಶ್ನೆ: ಸಾಹೇಬ್ರ, ನಾ ಲಾರಿ ಹೊಡಿಯಾಂವ. ಗಬ್ಬೂರ ನಾಕಾದಾಗ ವರ್ಷಾನುಗಟ್ಲೆ ಟೋಲ್ ಕಟ್ಟೇನಿ. ‘ಪ್ರಾತಿನಿಧ್ಯ ಇಲ್ಲಂದ್ರ ತೆರಿಗಿ ಇಲ್ಲ’ ಅಂತ ಅಮೆರಿಕದಾವ್ರು ಅಂದ್ರಂತ. ನಮ್ಮನ್ನೂ ಯಾರೂ ಕೇಳಿ ಟೋಲ್ ಹಾಕಿಲ್ಲ. ನಾವೂ ಹಂಗ ಅನಬಹುದೇನ್ರೀ?
(ಲಾರಿ ಚಾಲಕ)

ಉತ್ತರ: ಅನ್ನಲಿಕ್ಕೆ ಅಡ್ಡಿಯಿಲ್ಲ, ಆದರೆ ನಿಮ್ಮ ವಾದ ನಿಲ್ಲುವುದು ಕಷ್ಟ. ಟೋಲು ರಸ್ತೆ ಬಳಸಿದ್ದಕ್ಕೆ ಕೊಡುವ ಶುಲ್ಕ. ಅದರ ಕರಾರಿಗೆ ಸಹಿ ಹಾಕಿದ ಸರ್ಕಾರಕ್ಕೆ ನಿಮ್ಮದೂ ಒಂದು ಓಟು ಇದೆ. ದರ ಹೆಚ್ಚು, ರಸ್ತೆ ಸಣ್ಣದು ಎಂದು ಜಗಳ ತೆಗೆಯಿರಿ, ಅದು ನ್ಯಾಯವಾದ ಜಗಳ. ಬಾಸ್ಟನ್ನಿನವರದು ಬೇರೆ.

ಬಾಸ್ಟನ್ನಿನವರಿಗೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ಅದಕ್ಕೆ ಲಂಡನ್ ಕೊಟ್ಟ ಉತ್ತರವೂ ಕೇಳುವಂಥದ್ದು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ದೊಡ್ಡ ಊರುಗಳಿಗೂ ಪ್ರತ್ಯೇಕ ಸದಸ್ಯರಿಲ್ಲ, ಆದರೂ ತೆರಿಗೆ ಕೊಡುತ್ತಾರಲ್ಲ, ಪ್ರತಿ ಸದಸ್ಯನೂ ಇಡೀ ಸಾಮ್ರಾಜ್ಯದ ಪರವಾಗಿ ಕೂತಿದ್ದಾನೆ ಎಂದರು. ಇದು ಸುಳ್ಳಲ್ಲ, ಆ ಊರುಗಳಿಗೆ ಸದಸ್ಯರು ಸಿಕ್ಕಿದ್ದು 1832ರಲ್ಲಿ. ಅತ್ತ, ಮನೆಗಳೇ ಉಳಿಯದ ಓಲ್ಡ್ ಸಾರಂ ಎಂಬ ಹಾಳುದಿಬ್ಬ ಇಬ್ಬರನ್ನು ಆರಿಸಿ ಕಳಿಸುತ್ತಿತ್ತು. ಅಮೆರಿಕದವರು ಈ ಉತ್ತರ ಕೇಳಿ ನಕ್ಕರು. ಇಂಗ್ಲೆಂಡಿನ ಸದಸ್ಯ ಮ್ಯಾಂಚೆಸ್ಟರಿನ ಮೇಲೆ ತೆರಿಗೆ ಹಾಕಿದರೆ ತಾನೂ ಅದನ್ನು ಕಟ್ಟುತ್ತಾನೆ. ಬಾಸ್ಟನ್ನಿನ ಮೇಲೆ ಹಾಕಿದರೆ ಅವನ ಜೇಬಿನ ಮೇಲಿನ ಹೊರೆ ಇಳಿಯುತ್ತದೆ.

ಹಾಗಂತ ಅವರು ಲಂಡನ್ನಿನಲ್ಲಿ ಕುರ್ಚಿ ಕೇಳಿದರು ಎಂದುಕೊಳ್ಳಬೇಡಿ. 1765ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಒಂಬತ್ತು ವಸಾಹತುಗಳ ಪ್ರತಿನಿಧಿಗಳು, ಇಷ್ಟು ದೂರದಿಂದ ನಮಗೆ ಅಲ್ಲಿ ಪ್ರಾತಿನಿಧ್ಯ ಸಾಧ್ಯವೇ ಇಲ್ಲ ಎಂದು ತಾವೇ ಠರಾವು ಮಾಡಿದರು. ಅವರಿಗೆ ಬೇಕಿದ್ದದ್ದು ತಮ್ಮ ಸಭೆಯೇ ತಮ್ಮ ತೆರಿಗೆ ಹಾಕಲಿ ಎಂಬುದು.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ ಉದಾಹರಣೆ ನರಗುಂದದಲ್ಲಿದೆ. ಮಲಪ್ರಭಾ ನೀರಾವರಿಯ ರೈತರ ಮೇಲೆ ಹಾಕಿದ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ಚಳವಳಿ ಎದ್ದು, ಜುಲೈ 21ರಂದು ಗೋಲಿಬಾರ್ ಆಗಿ ರೈತರು ಸತ್ತರು. ಆಗ ನರಗುಂದ ಧಾರವಾಡ ಜಿಲ್ಲೆಯಲ್ಲೇ ಇತ್ತು. ಆ ರೈತರಿಗೆ ಶಾಸಕರಿದ್ದರು, ಸಂಸದರಿದ್ದರು. ಪ್ರಾತಿನಿಧ್ಯ ಇದ್ದೂ ಯಾರೂ ಕೇಳಲಿಲ್ಲ. ಹೊಲಕ್ಕೆ ನೀರು ಸರಿಯಾಗಿ ಬಾರದಿದ್ದರೂ ಕರ ಬಾಕಿ ಎಂದರು. ಆ ಸಿಟ್ಟಿನಲ್ಲಿ ರೈತ ಸಂಘ ಹುಟ್ಟಿತು, 1983ರ ಜನವರಿಯ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ಬಾಸ್ಟನ್ನಿನವರಿಗೆ ಅಂಥ ಜನವರಿ ಇರಲಿಲ್ಲ.

ಪ್ರಶ್ನೆ: ಕಿತ್ತೂರು, ಹಲಗಲಿ, ನರಗುಂದದ ಬಂಡಾಯಗಳನ್ನು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋಲಿಸಬಹುದೇ? ನಾನು ಮಕ್ಕಳಿಗೆ ಹೋಲಿಸಿಯೇ ಪಾಠ ಹೇಳುತ್ತಿದ್ದೆ.
(ನಿವೃತ್ತ ಶಿಕ್ಷಕರು, ಗಬ್ಬೂರ)

ಉತ್ತರ: ಎರಡು ಕಡೆ ಹೋಲಿಕೆ ಚೆನ್ನಾಗಿ ಕೂಡುತ್ತದೆ, ಮೂರನೆಯ ಕಡೆ ಮುರಿಯುತ್ತದೆ.

ಮೊದಲನೆಯದು ಸನದು. ಕಿತ್ತೂರಿನ ದೇಸಾಯಿ 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿಗೆ ನೆರವಾಗಿ, ತನ್ನ ಸಂಸ್ಥಾನ ಉಳಿಸಿಕೊಂಡಿದ್ದ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಬೀಗಮುದ್ರೆ ಹಾಕಿ ಕಾವಲಿಟ್ಟ. ಡಾಲ್‌ಹೌಸಿ ಇದೇ ತಂತ್ರವನ್ನು ದೇಶದ ಉದ್ದಗಲಕ್ಕೂ ಬಳಸಿದ್ದು ಇನ್ನೂ ಎರಡು ದಶಕ ಕಳೆದ ಮೇಲೆ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಹೋದಳು. ಹಿಂದಿನವರು ಬರೆದುಕೊಟ್ಟದ್ದನ್ನು ಮುಂದಿನ ಅಧಿಕಾರಿ ಏಕಪಕ್ಷೀಯವಾಗಿ ತಿದ್ದುವುದು, ಅದು ಮ್ಯಾಸಚೂಸೆಟ್ಸಿಗೆ 1774ರಲ್ಲಿ ಆದದ್ದೇ. ನರಗುಂದದ ಬಾಬಾಸಾಹೇಬನದೂ ದತ್ತಕ ನಿರಾಕರಣೆಯ ನೋವೇ. ಅದಕ್ಕೆ 1852ರ ಇನಾಂ ಕಾಯ್ದೆ ಸೇರಿಕೊಂಡಿತ್ತು. ತಲೆಮಾರುಗಳಿಂದ ಉಂಡ ಜಮೀನಿಗೆ ಕಾಗದ ತೋರಿಸಿ ಎಂದರೆ ಇನಾಮದಾರರು ಎಲ್ಲಿಂದ ತರಬೇಕು? 1858ರ ಮೇ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಹೋಯಿತು. ಎರಡೇ ವಾರದಲ್ಲಿ ಬಾಬಾಸಾಹೇಬ ಬೆಳಗಾವಿಯಲ್ಲಿ ಗಲ್ಲಿಗೇರಿದ.

ಎರಡನೆಯದು ಆಯುಧ. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸಿಪಾಯಿಗಳು ಬಾಸ್ಟನ್ನಿನಿಂದ ಹೊರಟದ್ದು ತೆರಿಗೆ ವಸೂಲಿಗಲ್ಲ, ಕಾಂಕರ್ಡ್ ಎಂಬ ಹಳ್ಳಿಯಲ್ಲಿ ಕೂಡಿಟ್ಟ ಮದ್ದುಗುಂಡು ವಶಪಡಿಸಿಕೊಳ್ಳಲು. ಮರುದಿನ ಬೆಳಗ್ಗೆ ದಾರಿಯ ಲೆಕ್ಸಿಂಗ್ಟನ್ನಿನಲ್ಲಿ ಮೊದಲ ಗುಂಡು ಹಾರಿತು. 1857ರ ನವೆಂಬರಿನಲ್ಲಿ ಹಲಗಲಿಗೆ ಕಂಪನಿಯ ದಂಡು ಹೋದದ್ದೂ ಆಯುಧಕ್ಕಾಗಿ. ಬೇಡರಿಗೆ ಬಂದೂಕು, ಕತ್ತಿ ಅಂದರೆ ಬೇಟೆ, ಕುಲದ ಮರ್ಯಾದೆ ಎರಡೂ. ಕೊಡುವುದಿಲ್ಲ ಎಂದರು, ಊರು ಸುಟ್ಟಿತು. ಮಾಸ್ತರರೇ, ನೀವು ಕಾಂಕರ್ಡನ್ನೂ ಹಲಗಲಿಯನ್ನೂ ಪಕ್ಕಪಕ್ಕ ಇಟ್ಟು ಹೇಳಿದ್ದರೆ ಪಾಠ ಸರಿಯಾಗೇ ಇತ್ತು.

ಮುರಿಯುವುದು ಇಲ್ಲಿ. ಅಮೆರಿಕದವರು ಮೊದಲ ಹತ್ತು ವರ್ಷ ಕೇಳಿದ್ದು ಇಂಗ್ಲಿಷರ ಹಕ್ಕನ್ನೇ. ನಾವೂ ಇಂಗ್ಲಿಷರು, ನಮ್ಮನ್ನು ಕೀಳಾಗಿ ಕಾಣಬೇಡಿ ಎಂಬುದು ಅವರ ಅಹವಾಲು. ಯುದ್ಧ ಶುರುವಾದ ಮೇಲೂ, 1775ರ ಜುಲೈಯಲ್ಲಿ, ರಾಜನಿಗೆ ಸಂಧಾನದ ಅರ್ಜಿ ಬರೆದರು. ರಾಜನ ಮೇಲಿನ ನಂಬಿಕೆ ಕೊನೆಗೂ ಕಳಚಿದ್ದು 1776ರ ಜನವರಿಯಲ್ಲಿ ಥಾಮಸ್ ಪೇನ್‌ನ ಕಿರುಹೊತ್ತಿಗೆ ಬಂದ ಮೇಲೆ. ಚೆನ್ನಮ್ಮನಿಗಾಗಲಿ ಹಲಗಲಿಯ ಬೇಡರಿಗಾಗಲಿ ಇಂಗ್ಲಿಷರ ಹಕ್ಕು ಬೇಕಿರಲಿಲ್ಲ. ತಮ್ಮದು ತಮಗೆ ಬಿಟ್ಟರೆ ಸಾಕಿತ್ತು. ಇಷ್ಟಲ್ಲದೆ ಅಮೆರಿಕದವರಿಗೆ ಸಭೆಗಳಿದ್ದವು, ಮುದ್ರಣಾಲಯಗಳಿದ್ದವು, ಕೊನೆಗೆ ಫ್ರಾನ್ಸಿನ ನೌಕಾಪಡೆಯೂ ಬಂತು. ಕಿತ್ತೂರಿಗೆ ಪಕ್ಕದ ಸಂಸ್ಥಾನವೂ ಬರಲಿಲ್ಲ.

1765ರ ಅಮೆರಿಕಕ್ಕೆ ನಿಜವಾದ ಜೋಡಿ ನಮ್ಮಲ್ಲಿ ಹುಡುಕಬೇಕಾದರೆ 1857ಕ್ಕೆ ಹೋಗಬಾರದು, 1885ಕ್ಕೆ ಹೋಗಬೇಕು. ಶಾಸನಸಭೆಗೆ ಚುನಾಯಿತರನ್ನು ಸೇರಿಸಿ, ಸೈನ್ಯದ ಖರ್ಚು ತಗ್ಗಿಸಿ, ನಾವೂ ರಾಣಿಯ ಪ್ರಜೆಗಳು ಎಂದು ಠರಾವು ಮಾಡುತ್ತಿದ್ದ ಆರಂಭದ ಕಾಂಗ್ರೆಸ್ಸಿಗರ ಭಾಷೆ ನ್ಯೂಯಾರ್ಕಿನ ಠರಾವುಗಳಿಗೆ ಬಹಳ ಹತ್ತಿರ. ಅಂಥ ವಿನಯದ ಜನರನ್ನು ನಾವು ಪಾಠದಲ್ಲಿ ಬೇಗ ದಾಟಿಬಿಡುತ್ತೇವೆ. ತೆರಿಗೆಯ ಮಾತು ಹಳ್ಳಿಗೆ ಇಳಿದದ್ದು 1930ರಲ್ಲಿ, ಅಂಕೋಲೆಯ ಉಪ್ಪು, ಆಮೇಲೆ ಸಿದ್ದಾಪುರ, ಅಂಕೋಲಾ, ಹಿರೇಕೆರೂರಿನ ಕರನಿರಾಕರಣೆ. ಅಲ್ಲಿ ಜನ ಭೂಮಿ ಕಳೆದುಕೊಂಡರು, ಕಂದಾಯ ಕಟ್ಟಲಿಲ್ಲ.

ಪ್ರಶ್ನೆ: ಹೈದರಾಲಿ ಅಮೆರಿಕಕ್ಕೆ ಸೈನ್ಯ ಕಳಿಸಿ ವಾಷಿಂಗ್ಟನ್ನನಿಗೆ ಸಹಾಯ ಮಾಡಿದ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
(ಮೊಬೈಲ್ ರಿಪೇರಿ ಅಂಗಡಿಯವರು)

ಉತ್ತರ: ಸೈನ್ಯ ಕಳಿಸಲಿಲ್ಲ. ಆದರೆ ನಿಜ ಸಂಗತಿ ಆ ಗಾಳಿಸುದ್ದಿಗಿಂತ ರುಚಿಯಾಗಿದೆ.

1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ಯುದ್ಧಕ್ಕಿಳಿಯಿತು. ಬ್ರಿಟಿಷರು ಭಾರತದಲ್ಲಿದ್ದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. ಆ ವರ್ಷ ಪಾಂಡಿಚೇರಿ, 1779ರಲ್ಲಿ ಮಾಹೆ ಹೋಯಿತು. ಹೈದರನಿಗೆ ಮದ್ದುಗುಂಡು ಬರುತ್ತಿದ್ದ ಬಾಗಿಲು ಮಾಹೆ. ಅದನ್ನು ಮುಟ್ಟಬೇಡಿ ಎಂದು ಆತ ಎಚ್ಚರಿಸಿದ್ದ. 1780ರಲ್ಲಿ ಆತ ಕರ್ನಾಟಿಕ್ ಬಯಲಿಗೆ ನುಗ್ಗಿದ, ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಟಿಪ್ಪುವಿನ ಜೊತೆಗೂಡಿ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಚಿತ್ರದಲ್ಲಿರುವುದು ಆ ಕಾಳಗವೇ.

ಈ ಸುದ್ದಿ ಅಟ್ಲಾಂಟಿಕ್ ದಾಟಿತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಕಪ್ತಾನ ಅದರಲ್ಲಿ ಕೂತು, ತನಗಿಂತ ಬಲವಾಗಿದ್ದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಅರ್ಧ ತಾಸಿನೊಳಗೆ ಹಿಡಿದ. ಫಿಲಿಪ್ ಫ್ರೆನೋ ಎಂಬ ಕವಿ ಆ ಹಡಗಿನ ಮೇಲೆ ಪದ್ಯ ಕಟ್ಟಿದ. ಹೈದರ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ. 1783ರಲ್ಲಿ ಯುರೋಪಿನ ಸಂಧಿಯ ಸುದ್ದಿ ಬಂದೊಡನೆ ಫ್ರೆಂಚರು ಟಿಪ್ಪುವನ್ನು ಬಿಟ್ಟು ಹಿಂದೆ ಸರಿದರು, 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಬಾಸ್ಟನ್ನಿನ ಜಗಳದ ಒಂದು ತುದಿ ನಮ್ಮ ಕರಾವಳಿಗೂ ತಾಗಿತ್ತು ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಇನ್ನೂ ಒಂದು ತುದಿ ಇದೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಸೈನ್ಯದ ಸೇನಾಪತಿ ಕಾರ್ನ್‌ವಾಲಿಸ್. ಐದು ವರ್ಷದಲ್ಲಿ ಆತನೇ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. ಮೂರನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ಒಂದು ತುಕಡಿ ಪರಶುರಾಮಭಾವುವಿನ ಮರಾಠಾ ದಂಡಿನ ಜೊತೆ ನಿಮ್ಮ ಪಕ್ಕದ ಧಾರವಾಡ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. 1791ರ ಏಪ್ರಿಲಿನಲ್ಲಿ ಕೋಟೆ ಬಿತ್ತು. ಮರುವರ್ಷ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, 3.3 ಕೋಟಿ ರೂಪಾಯಿ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ. ಅಲ್ಲಿ ಕಳೆದುಕೊಂಡ ಮಾನವನ್ನು ಇಲ್ಲಿ ಬಡ್ಡಿ ಸಮೇತ ವಸೂಲು ಮಾಡಿಕೊಂಡ.

ಪ್ರಶ್ನೆ: ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಜೆಫರ್ಸನ್ ಗುಲಾಮರನ್ನು ಇಟ್ಟುಕೊಂಡಿದ್ದನಂತೆ. ಹಾಗಾದರೆ ಆ ಹೋರಾಟವನ್ನು ಯಾಕೆ ಹೊಗಳಬೇಕು?
(ಬಿ.ಎ. ವಿದ್ಯಾರ್ಥಿನಿ)

ಉತ್ತರ: ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಹೊಗಳಲೇಬೇಕೆಂದಿಲ್ಲ, ತಿಳಿದರೆ ಸಾಕು. ಕಾರಣಗಳ ಪಟ್ಟಿ ಮಾಡುವಾಗ ಜನ ಮರೆಯುವ ಎರಡು ಸಂಗತಿಗಳು ನಿಮ್ಮ ಪ್ರಶ್ನೆಗೇ ಸೇರಿದವು. 1763ರ ಅಕ್ಟೋಬರಿನಲ್ಲಿ ರಾಜ ಮೂರನೆಯ ಜಾರ್ಜ್, ಅಪಲೇಚಿಯನ್ ಬೆಟ್ಟಸಾಲಿನ ಆಚೆಯ ನೆಲ ಮೂಲನಿವಾಸಿಗಳದು, ಅಲ್ಲಿ ನೆಲಸಬೇಡಿ ಎಂದು ಗೆರೆ ಎಳೆದ. ಆ ನೆಲದ ಮೇಲೆ ಕಣ್ಣಿಟ್ಟಿದ್ದವರಲ್ಲಿ ವಾಷಿಂಗ್ಟನ್ನನೂ ಒಬ್ಬ. ಸ್ವಾತಂತ್ರ್ಯದ ಹಸಿವಿನಲ್ಲಿ ನೆಲದ ಹಸಿವೂ ಇತ್ತು. ಮತ್ತೊಂದು, 1775ರ ನವೆಂಬರಿನಲ್ಲಿ ವರ್ಜೀನಿಯಾದ ಗವರ್ನರ್ ಡನ್ಮೋರ್, ಬಂಡುಕೋರ ಒಡೆಯರನ್ನು ಬಿಟ್ಟು ರಾಜನ ಸೈನ್ಯ ಸೇರುವ ಗುಲಾಮರಿಗೆ ಬಿಡುಗಡೆ ಎಂದು ಸಾರಿದ. ಅಲ್ಲಿಯವರೆಗೆ ಹಿಂದೆಮುಂದೆ ನೋಡುತ್ತಿದ್ದ ದಕ್ಷಿಣದ ಎಷ್ಟೋ ಜಮೀನುದಾರರು ಅಂದಿನಿಂದ ಬಂಡಾಯದ ಕಡೆಗೆ ವಾಲಿದರು. ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರಲ್ಲಿ.

ಪ್ರಶ್ನೆ: ನಮ್ಮ ಕಡೆ ಹಿರಿಯರು ಅಮೆರಿಕನ್ ಹತ್ತಿ ಅನ್ನುತ್ತಿದ್ದರು. ಅದಕ್ಕೂ ಈ ಯುದ್ಧಕ್ಕೂ ಸಂಬಂಧವಿದೆಯೇ?
(ರೈತರು, ಗಬ್ಬೂರ)

ಉತ್ತರ: ಈ ಯುದ್ಧಕ್ಕಲ್ಲ, 1861ರಿಂದ 1865ರವರೆಗೆ ಅವರವರೇ ಹೊಡೆದಾಡಿದ ಯುದ್ಧಕ್ಕೆ. ಸ್ವತಂತ್ರವಾದ ಅಮೆರಿಕದ ಹತ್ತಿಯನ್ನೇ ಮ್ಯಾಂಚೆಸ್ಟರ್ ನೆಚ್ಚಿಕೊಂಡಿತ್ತು. ಅದು ಕೈಕೊಟ್ಟರೆ ಗತಿಯೇನೆಂದು ಕಂಪನಿ 1840ರ ದಶಕದಲ್ಲೇ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿತ್ತು. ಹುಬ್ಬಳ್ಳಿ ದಾಟಿದರೆ ಸಿಗುವ ಕುಸುಗಲ್ಲಿನಲ್ಲಿ ಅಂಥವರ ಪ್ರಯೋಗದ ತೋಟ ನಡೆಯಿತು. ನಮ್ಮ ಎರೆಭೂಮಿಗೆ ಹೊಂದಿಕೊಂಡ ಆ ತಳಿ ಧಾರವಾಡ-ಅಮೆರಿಕನ್ ಎಂದು ಹೆಸರಾಯಿತು. ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಆಕಾಶಕ್ಕೇರಿ, ಯುದ್ಧ ಮುಗಿದೊಡನೆ ನೆಲಕ್ಕೆ ಬಿತ್ತು.

ಪ್ರಶ್ನೆ: ಅಮೆರಿಕದ ಹೋರಾಟದಿಂದ ಪಾಠ ಕಲಿತ ಹುಬ್ಬಳ್ಳಿಯವರು ಯಾರಾದರೂ ಇದ್ದಾರೆಯೇ?
(ಪಿಯುಸಿ ವಿದ್ಯಾರ್ಥಿ)

ಉತ್ತರ: ಡಾ. ನಾ.ಸು. ಹರ್ಡೀಕರ್. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದವರು. ವೈದ್ಯಕೀಯ ಓದಿ, ಸಾರ್ವಜನಿಕ ಆರೋಗ್ಯ ಕಲಿಯಲು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ 1917ರಲ್ಲಿ ಹೋಂ ರೂಲ್ ಲೀಗ್ ಕಟ್ಟಿದಾಗ ಅವರ ಬಲಗೈಯಾಗಿ ದುಡಿದವರು ಇವರು. ಒಮ್ಮೆ ಬ್ರಿಟಿಷರಿಂದ ಬಿಡಿಸಿಕೊಂಡ ಜನರ ಮುಂದೆಯೇ ನಿಂತು, ನಮ್ಮದೂ ಅದೇ ಅಹವಾಲು ಎಂದು ಹೇಳುವುದು ಆ ಲೀಗಿನ ಕೆಲಸವಾಗಿತ್ತು.

1921ರಲ್ಲಿ ಮರಳಿ ಬಂದ ಹರ್ಡೀಕರರು ಹುಬ್ಬಳ್ಳಿಯಲ್ಲಿ ಸೇವಾ ಮಂಡಳ ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಆ ಮಂಡಳದವರು ಕ್ಷಮೆ ಕೇಳಿ ಬಿಡಿಸಿಕೊಳ್ಳಲು ಒಪ್ಪದೆ ಜೈಲಿನಲ್ಲೇ ಉಳಿದದ್ದು ದೇಶದ ಗಮನ ಸೆಳೆಯಿತು. ಆ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ವೇಳೆ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಅದರ ಕಚೇರಿ ನಿಮ್ಮ ಹುಬ್ಬಳ್ಳಿಯಲ್ಲೇ ಇತ್ತು.